ಕೂತು ಓಡಿಸುವ ಹುಲ್ಲಿನ ಮಿಷನ್: ಕೊಳ್ಳುವ ಮುಂಚೆ ನೆಲ ನೋಡಿ, ಬೆಲ್ಟ್ ಕೇಳಿ

ಪುಷ್ಯ ಮಳೆ ಹಿಡಿದಿತ್ತು. ದಾವಣಗೆರೆ ಪಕ್ಕದ ನಮ್ಮ ಎರಡೂವರೆ ಎಕರೆ ತೆಂಗಿನ ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಮಿಷನ್ ಸ್ಟಾರ್ಟ್ ಮಾಡಿ ಎರಡು ಸಾಲು ಹೋಗಿದ್ದೆ ಅಷ್ಟೇ, ಕೆಳಗಡೆ ಪಟ್ ಅಂತ ಸದ್ದಾಯಿತು. ಎಂಜಿನ್ ಓಡುತ್ತಿದೆ, ಗಾಲಿ ತಿರುಗುತ್ತಿದೆ, ಬ್ಲೇಡ್ ಮಾತ್ರ ನಿಂತಿದೆ. ಇಳಿದು ಬಗ್ಗಿ ನೋಡಿದರೆ ಬೆಲ್ಟ್ ಕಿತ್ತು ಹಿಂದಿನ ಸಾಲಿನಲ್ಲಿ ಉದ್ದಕ್ಕೆ ಬಿದ್ದಿತ್ತು.

ಮಾರಿದವರಿಗೆ ಫೋನ್ ಮಾಡಿದೆ. 'ಹತ್ತು ದಿನದಲ್ಲಿ ಬರುತ್ತೆ ಸಾರ್' ಅಂದರು. ಬಂದಿದ್ದು 38 ದಿನಕ್ಕೆ. ಅಷ್ಟರಲ್ಲಿ ಹುಲ್ಲು ಸೊಂಟಕ್ಕೆ ಬಂದಿತ್ತು, ಕಾಂಗ್ರೆಸ್ ಗಿಡ ಹೂ ಬಿಟ್ಟು ಬೀಜ ಉದುರಿಸಿ ಮುಂದಿನ ವರ್ಷದ ಬಿತ್ತನೆಯನ್ನೂ ಮುಗಿಸಿತ್ತು. ನಡುವೆ ನಾನೇನು ಸುಮ್ನೆ ಕೂರಲಿಲ್ಲ. ಕಿತ್ತ ಬೆಲ್ಟನ್ನು ಪೇಟೆಗೆ ಒಯ್ದು ಅದೇ ಅಳತೆಯದ್ದು, ಹಿಟ್ಟಿನ ಗಿರಣಿಗೆ ಹಾಕುವಂಥದ್ದು, ತಂದು ಹಾಕಿದೆ. ಅರ್ಧ ಗಂಟೆಗೆ ಸುಟ್ಟ ರಬ್ಬರ್ ವಾಸನೆ ಬಂತು. ಗಿರಣಿ ಬೆಲ್ಟು ಎರಡು ಪುಲ್ಲಿಯ ಮೇಲೆ ಒಂದೇ ಸಮ ಓಡುವಂಥದ್ದು. ಈ ಮಿಷನ್ನಿನ ಬೆಲ್ಟು ನಾಲ್ಕೈದು ಪುಲ್ಲಿ ಸುತ್ತಬೇಕು, ಬೆನ್ನ ಕಡೆಯಿಂದಲೂ ಮಡಚಿಕೊಳ್ಳಬೇಕು, ಬ್ಲೇಡ್ ಹಾಕಿ ತೆಗೆಯುವಾಗೆಲ್ಲ ಜಾರಿ ಹಿಡಿಯಬೇಕು. ಅದಕ್ಕೇ ಒಳಗೆ ಬೇರೆ ಜಾತಿಯ ಗಟ್ಟಿ ನೂಲು ಇರುತ್ತದೆ. ಅಳತೆ ಒಂದೇ ಇದ್ದ ಮಾತ್ರಕ್ಕೆ ಕೆಲಸ ಒಂದೇ ಆಗಲ್ಲ.

ಅವತ್ತಿನಿಂದ ಯಾರಾದರೂ 'ಯಾವ ಮಿಷನ್ ತಗೊಳ್ಳಲಿ?' ಅಂತ ಕೇಳಿದರೆ ಕಂಪನಿ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ನಿಮ್ಮ ನೆಲ ಎಂಥದ್ದು, ಬೆಲ್ಟು ಎಲ್ಲಿ ಸಿಗುತ್ತೆ, ಈ ಎರಡನ್ನು ಮೊದಲು ಹೇಳಿ ಅಂತೀನಿ. ತೋಟದ ಮನೆ, ಶಾಲೆ ಮೈದಾನ, ಕಲ್ಯಾಣ ಮಂಟಪದ ಹುಲ್ಲುಹಾಸು, ಯಾವುದೇ ಇರಲಿ, ಕೂತು ಓಡಿಸುವ ಮಿಷನ್ನಿಗೆ ಲಕ್ಷಗಟ್ಟಲೆ ಹಾಕುವ ಯೋಚನೆ ಇದ್ದವರು ಕೆಳಗಿನ ಹೆಜ್ಜೆಗಳನ್ನು ಒಂದೊಂದಾಗಿ ಹಾಕಿ ನೋಡಿ.

ಹೆಜ್ಜೆ 1: ಮೇ ಕೊನೆಗೆ ನೆಲ ನಡೆದು ನೋಡಿ

ಮಳೆಗಾಲದಲ್ಲಿ ಎಲ್ಲ ನೆಲವೂ ಒಂದೇ ಥರ ಹಸಿರು. ಒಳಗೇನಿದೆ ಕಾಣಲ್ಲ. ಅದಕ್ಕೇ ಹುಲ್ಲು ಒಣಗಿ ನೆಲ ಬೋಳಾಗಿರುವ ಮೇ ತಿಂಗಳಲ್ಲಿ, ಒಂದು ಚೀಲ, ಒಂದು ಟೇಪು, ಸ್ವಲ್ಪ ಸುಣ್ಣ ಹಿಡಿದು ಇಡೀ ಜಾಗ ನಡೆಯಿರಿ.

ಚೀಲ ಕಲ್ಲಿಗೆ. ಜಗಳೂರು, ಚಿತ್ರದುರ್ಗದ ಕಡೆಯ ಗರಸು ನೆಲದಲ್ಲಿ ಬಿಳಿ ಬೆಣಚುಕಲ್ಲು ಎಷ್ಟು ಆರಿಸಿದರೂ ಮುಗಿಯಲ್ಲ. ಮುಷ್ಟಿ ಗಾತ್ರದ್ದನ್ನಾದರೂ ಆರಿಸಲೇಬೇಕು. ಈ ಮಿಷನ್‌ಗಳ ಬ್ಲೇಡಿನ ತುದಿಗೆ ಅಮೆರಿಕದ ಸುರಕ್ಷಾ ಮಾನದಂಡ ಹಾಕಿರುವ ಮಿತಿಯೇ ನಿಮಿಷಕ್ಕೆ 19,000 ಅಡಿ, ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್. ಆ ತುದಿಗೆ ಸಿಕ್ಕ ಕಲ್ಲು ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿ.

ಸುಣ್ಣ ಆರಿಸಲಾಗದ್ದಕ್ಕೆ: ಕಡಿದ ಮರದ ಬೊಡ್ಡೆ, ಬೋರ್‌ವೆಲ್ ಕೇಸಿಂಗ್, ಸ್ಪ್ರಿಂಕ್ಲರ್ ತಲೆ, ಕರೆಂಟ್ ಕಂಬದ ಬಿಗಿತಂತಿ, ಹುತ್ತ. ಡ್ರಿಪ್ ಪೈಪ್ ಎಲ್ಲೆಲ್ಲಿ ಹಾದಿದೆ ಅನ್ನುವುದನ್ನು ಮಾತ್ರ ಎರಡು ಸಲ ನೋಡಿ. ನಾನು ಒಂದು ಸಲ ನೋಡಿದ್ದೆ. ಹುಲ್ಲಲ್ಲಿ ಮಲಗಿದ್ದ ಪೈಪಿನ ತುದಿ ಬ್ಲೇಡಿಗೆ ಸಿಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಹನ್ನೆರಡು ಅಡಿ ಕಪ್ಪು ಪೈಪು ಬ್ಲೇಡಿನ ಬುಡಕ್ಕೆ ನೂಲಿನ ಉಂಡೆ ಹಾಗೆ ಸುತ್ತಿಕೊಂಡಿತು. ಬಿಸಿಗೆ ಕರಗಿ ಅಂಟಿಕೊಂಡೂ ಇತ್ತು. ಪ್ಲಗ್ ವೈರ್ ತೆಗೆದು, ಅಂಗಾತ ಮಲಗಿ, ಅಡುಗೆ ಮನೆಯ ಚಾಕುವಿನಿಂದ ಒಂದೊಂದೇ ಸುತ್ತು ಕೊಯ್ದು ಬಿಡಿಸುವ ಹೊತ್ತಿಗೆ ಸಂಜೆಯಾಗಿತ್ತು. ಚಾಕು ಹಾಳಾಗಿದ್ದಕ್ಕೆ ಮನೆಯಲ್ಲಿ ಕೇಳಿಸಿಕೊಂಡ ಮಾತು ಬೇರೆ.

ಟೇಪಿನ ಕೆಲಸ ಎರಡು. ಮೊದಲನೆಯದು, ಅತೀ ಇಕ್ಕಟ್ಟಾದ ಜಾಗ. ಗೇಟು, ಎರಡು ಮರದ ನಡುವೆ, ಶೆಡ್ಡಿನ ಬಾಗಿಲು. 42 ಇಂಚಿನ ಮಿಷನ್ ಅಂದರೆ ಬ್ಲೇಡು ಕೊಯ್ಯುವ ಅಗಲ ಮಾತ್ರ 42. ಹುಲ್ಲು ಉಗುಳುವ ಬಾಯಿ ಸೇರಿಸಿದರೆ ಇನ್ನೂ ಒಂದಡಿ ಜಾಸ್ತಿ ಹಿಡಿಯುತ್ತದೆ.

ಎರಡನೆಯದು ಇಳಿಜಾರು. ಒಂದು ಮೀಟರ್ ಉದ್ದದ ನೇರ ಪಟ್ಟಿ ತಗೊಂಡು ಒಂದು ತುದಿಯನ್ನು ಮೇಲ್ಭಾಗದ ನೆಲಕ್ಕೆ ಇಡಿ. ಮೇಸ್ತ್ರಿ ಹತ್ತಿರ ಇರುವ ಲೆವೆಲ್ ಪಟ್ಟಿ ಇಟ್ಟು ಸಮ ಮಾಡಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. 18 ಬಂದರೆ 10 ಡಿಗ್ರಿ. 27 ಬಂದರೆ 15 ಡಿಗ್ರಿ. ಕೂತು ಓಡಿಸುವ ಬಹುತೇಕ ಮಿಷನ್‌ಗಳ ಕೈಪಿಡಿ 15 ಡಿಗ್ರಿಗೇ ಗೆರೆ ಎಳೆಯುತ್ತದೆ. ಬದುವಿನ ಪಕ್ಕ, ಕೃಷಿ ಹೊಂಡದ ಅಂಚು ಸಾಮಾನ್ಯವಾಗಿ ಅದನ್ನು ದಾಟಿರುತ್ತವೆ. ಅಲ್ಲಿಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟ್ಟರ್ರೇ ಸರಿ.

ಮಣ್ಣನ್ನೂ ಮರೆಯಬೇಡಿ. ಕೆಂಪು ನೆಲ ಮಳೆ ನಿಂತು ಒಂದು ದಿನಕ್ಕೆ ಮಿಷನ್ ಹೊರುತ್ತದೆ. ಎರೆ ನೆಲ ಮೂರ್ನಾಲ್ಕು ದಿನ ಬೇಡುತ್ತದೆ, ಅವಸರ ಮಾಡಿದರೆ ಗಾಲಿ ಹೂತು ಕೂರುತ್ತದೆ. ಎರೆ ಭೂಮಿಯವರಿಗೆ ಕೆಲಸಕ್ಕೆ ಸಿಗುವ ದಿನಗಳೇ ಕಮ್ಮಿ ಅನ್ನುವುದು ನೆನಪಿರಲಿ.

ಹೆಜ್ಜೆ 2: ನಿಜವಾಗಿ ಬೇಕಾ, ಲೆಕ್ಕ ಹಾಕಿ

ಪಹಣಿಯಲ್ಲಿ ಎರಡೂವರೆ ಎಕರೆ ಅಂತಿದ್ದರೂ ಮನೆ, ಕಣ, ದಾರಿ, ಮರದ ಪಾತಿ ಕಳೆದರೆ ಕೊಯ್ಯುವ ಹುಲ್ಲು ಇರುವುದು ಕಮ್ಮಿಯೇ. ಆ ಅಂಕಿ ಹಿಡಿಯಿರಿ.

ತಳ್ಳಿಕೊಂಡು ಹೋಗುವ 21 ಇಂಚಿನ ಮಿಷನ್ ಒಂದು ಸಾಲಿಗೆ ಸುಮಾರು ಅರ್ಧ ಮೀಟರ್ ಕೊಯ್ಯುತ್ತದೆ. ಒಂದು ಎಕರೆ ಮುಗಿಸಲು ಎಂಟು ಕಿಲೋಮೀಟರಿಗೂ ಜಾಸ್ತಿ ನಡೆಯಬೇಕು. ಎರಡೂವರೆ ಎಕರೆಗೆ 21 ಕಿಲೋಮೀಟರ್. ದಾವಣಗೆರೆಯಿಂದ ಹರಿಹರಕ್ಕೆ ನಡೆದು ಹೋಗಿ, ಅರ್ಧ ದಾರಿ ವಾಪಸ್ ಬಂದಷ್ಟು! ಅದೂ ಮಿಷನ್ ತಳ್ಳಿಕೊಂಡು. ಹೊತ್ತು ಲೆಕ್ಕ ಹಾಕಿದರೆ ಎಕರೆಗೆ ಎರಡೂವರೆಯಿಂದ ಮೂರು ಗಂಟೆ.

42 ಇಂಚಿನ, ಕೂತು ಓಡಿಸುವ ಮಿಷನ್ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಸಾಲಿಗೆ ಸಾಲು ನಾಲ್ಕು ಬೆರಳು ಒತ್ತಿಸಿಕೊಂಡು ಹೋದರೆ, ತಿರುಗಿಸಿಕೊಳ್ಳುವ ಹೊತ್ತೂ ಸೇರಿ ಗಂಟೆಗೆ ಹೆಚ್ಚು ಕಮ್ಮಿ ಒಂದು ಎಕರೆ. ಮಾರುವವರು ಎರಡು ಎಕರೆ ಅನ್ನುತ್ತಾರೆ. ಅದು ಗಿಡ ಮರ ಇಲ್ಲದ ಕ್ರಿಕೆಟ್ ಮೈದಾನದ ಲೆಕ್ಕ.

ನನ್ನ ಅಭಿಪ್ರಾಯ ಕೇಳಿದರೆ, ಕೊಯ್ಯುವ ಜಾಗ ಒಂದು ಎಕರೆಗಿಂತ ಕಮ್ಮಿ ಇದ್ದವರಿಗೆ ಇದು ಬೇಡವೇ ಬೇಡ. ತಾನೇ ಎಳೆದುಕೊಂಡು ಹೋಗುವ, ಹಿಂದೆ ನಡೆಯುವ ಮಿಷನ್ ಸಾಕು. ನಮ್ಮ ಕಡೆ ಹುಲ್ಲು ಜೋರಾಗಿ ಬೆಳೆಯುವುದು ಜೂನ್‌ನಿಂದ ಅಕ್ಟೋಬರ್ ತನಕ. ಉಳಿದ ಏಳು ತಿಂಗಳು ಲಕ್ಷದ ಮಿಷನ್ ಶೆಡ್ಡಿನಲ್ಲಿ ನಿಂತಿರುತ್ತದೆ. ವರ್ಷಪೂರ್ತಿ ನೀರು ಬಿಡುವ ಹುಲ್ಲುಹಾಸು ಇರುವವರ ಮಾತು ಬೇರೆ.

ಹೆಜ್ಜೆ 3: ಯಾವ ಜಾತಿ?

ಬಾನೆಟ್ ಮುಂದೆ, ಸೀಟು ಹಿಂದೆ, ಹೊಟ್ಟೆಯ ಕೆಳಗೆ ಬ್ಲೇಡಿನ ತಟ್ಟೆ, ನೋಡಲು ಮರಿ ಟ್ರ್ಯಾಕ್ಟರ್ ಥರ ಇರುವುದನ್ನು ಲಾನ್ ಟ್ರ್ಯಾಕ್ಟರ್ ಅನ್ನುತ್ತಾರೆ. ಆ ತಟ್ಟೆಗೆ ಡೆಕ್ ಅಂತ ಹೆಸರು. ಸ್ಟೇರಿಂಗ್ ಇರುತ್ತದೆ, ಕಾರು ಓಡಿಸುವವರು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಒಂದರಿಂದ ನಾಲ್ಕು ಎಕರೆ ತನಕ, ಅಷ್ಟಿಷ್ಟು ಮರ ಇರುವ ಜಾಗಕ್ಕೆ ಇದು ಸರಿಹೊಂದುತ್ತದೆ. ತೆಂಗಿನ ತೋಟಕ್ಕಂತೂ ಹೇಳಿ ಮಾಡಿಸಿದ್ದು. ಮರದಿಂದ ಮರಕ್ಕೆ 25 ಅಡಿ ಇರುತ್ತದಲ್ವಾ, ಆರಾಮಾಗಿ ಓಡಾಡಬಹುದು. ಹೊಸದುರ್ಗ, ಹಿರಿಯೂರು ಕಡೆ ತೆಂಗಿನವರು ಇದನ್ನು ಯೋಚಿಸಬಹುದು. ಬಿದ್ದ ಗರಿ, ಬುರುಡೆ ಮಾತ್ರ ಮೊದಲೇ ಎತ್ತಿಡಬೇಕು.

ಸ್ಟೇರಿಂಗ್ ಬದಲು ಎರಡು ಹಿಡಿಕೆ ಇರುವುದು ಜೀರೋ ಟರ್ನ್. ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಹೈಡ್ರಾಲಿಕ್ ಮೋಟಾರು, ನಿಂತ ಜಾಗದಲ್ಲೇ ಬುಗುರಿ ಹಾಗೆ ತಿರುಗುತ್ತದೆ. ಸಮತಟ್ಟಾದ ಮೈದಾನ, ಮಂಟಪದ ಲಾನು ಇದ್ದರೆ ಇದರ ವೇಗ ಬೇರೆ ಯಾವುದಕ್ಕೂ ಇಲ್ಲ. ಆದರೆ ಮುಂದಿನ ಗಾಲಿಗಳು ಆಫೀಸ್ ಕುರ್ಚಿಯ ಗಾಲಿ ಇದ್ದ ಹಾಗೆ, ಹೇಗೆ ಬೇಕಾದರೂ ತಿರುಗುತ್ತವೆ. ಹಸಿ ಎರೆಯಲ್ಲಿ ಅವು ಹೂತುಕೊಳ್ಳುತ್ತವೆ, ಒದ್ದೆ ಇಳಿಜಾರಿನಲ್ಲಿ ಹಿಂದಿನ ಗಾಲಿ ಜಾರಿದರೆ ಮಿಷನ್ ನಿಮ್ಮ ಮಾತು ಕೇಳಲ್ಲ. ಕೆರೆ, ಹೊಂಡದ ಅಂಚಿನಲ್ಲಿ ಇದನ್ನು ಓಡಿಸಲೇಬೇಡಿ.

ಚನ್ನಗಿರಿ ಕಡೆಯಿಂದ ಅಡಿಕೆ ತೋಟದವರು ತುಂಬಾ ಜನ ಕೇಳುತ್ತಾರೆ. ಅವರಿಗೆ ನೇರವಾಗಿ ಬೇಡ ಅಂತೀನಿ. 9 ಅಡಿ ಅಂತರದಲ್ಲಿ 42 ಇಂಚು ನುಗ್ಗುವುದೇನೋ ನಿಜ. ಆದರೆ ಬಸಿಗಾಲುವೆ, ಡ್ರಿಪ್ಪು, ದಿನಾ ಬೀಳುವ ಹಾಳೆ, ಸೋಗೆ, ನೆರಳಿಗೆ ಸದಾ ಹಸಿಯಾಗಿರುವ ನೆಲ, ಇಷ್ಟನ್ನೂ ಲಾನ್ ಟ್ರ್ಯಾಕ್ಟರ್ ತಡೆಯಲ್ಲ. ಅಡಿಕೆಗೆ ಬ್ರಷ್ ಕಟ್ಟರ್ ಅಥವಾ ವೀಡರ್ ಇರಲಿ. ಕಾಲುವೆ ಇಲ್ಲದ, ಅಂತರ ಜಾಸ್ತಿ ಇರುವ ತೋಟವಾದರೆ ಇಕ್ಕಟ್ಟಿನಲ್ಲಿ ಓಡುವ ಮಿನಿ ಟ್ರ್ಯಾಕ್ಟರ್ ನೋಡಿ.

ಮಿನಿ ಟ್ರ್ಯಾಕ್ಟರ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿಎಸ್‌ಟಿ, ಕುಬೋಟಾ, ಮಹೀಂದ್ರ ಜಿವೋ ಥರದ 20 ಎಚ್‌ಪಿ ಆಸುಪಾಸಿನ ಡೀಸೆಲ್ ಗಾಡಿ, ಹಿಂದೆ ಪಿಟಿಓಗೆ, ಅಂದರೆ ಎಂಜಿನ್ನಿನ ಬಲವನ್ನು ಹೊರಗಿನ ಉಪಕರಣಕ್ಕೆ ಕೊಡುವ ತಿರುಗು ಕಂಬಕ್ಕೆ, ಜೋಡಿಸುವ ಸ್ಲ್ಯಾಷರ್. ಇದು ಲಾನಿನ ಹಾಗೆ ನಯವಾಗಿ ಕೊಯ್ಯಲ್ಲ. ಆದರೆ ಸೊಂಟದೆತ್ತರದ ಹುಲ್ಲು, ಕಾಂಗ್ರೆಸ್ ಗಿಡ, ಎಳೆ ಜಾಲಿ, ಎಲ್ಲವನ್ನೂ ಹೊಡೆದು ಮಲಗಿಸುತ್ತದೆ. ಟ್ರೈಲರ್ ಎಳೆಯುತ್ತದೆ, ಔಷಧಿ ಹೊಡೆಯುತ್ತದೆ, ರೋಟಾವೇಟರ್ ಹಾಕಬಹುದು. ಟ್ರ್ಯಾಕ್ಟರ್ ರಿಪೇರಿಯವರು ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ. ನಾಲ್ಕು ಎಕರೆ ಮೇಲಿನ ಒರಟು ನೆಲದವರು ಲಾನ್ ಟ್ರ್ಯಾಕ್ಟರ್ ಆಸೆ ಬಿಟ್ಟು ಇದಕ್ಕೇ ಹೋಗಿ. ನನ್ನ ಜಾಗ ಇನ್ನೆರಡು ಎಕರೆ ಜಾಸ್ತಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಸಬ್ಸಿಡಿ ವಿಷಯಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಪಟ್ಟಿ ಕೇಳಿ, ಎಫ್‌ಐಡಿ (ರೈತರ ಗುರುತಿನ) ನಂಬರ್ ಇಟ್ಟುಕೊಂಡು ಹೋಗಿ. ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡುವ ಮನಸ್ಸಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸ್ಲ್ಯಾಷರ್ ಇದೆಯಾ ವಿಚಾರಿಸಿ. ಒಂದು ದಿನದ ಬಾಡಿಗೆ ಎಷ್ಟೋ ಅನುಮಾನ ತೀರಿಸುತ್ತದೆ.

ಹೆಜ್ಜೆ 4: ಎಂಜಿನ್

ಅಂಗಡಿಯಲ್ಲಿ ಮೊದಲು ಹೇಳುವುದೇ ಎಚ್‌ಪಿ. 42 ಇಂಚಿಗೆ 17ರಿಂದ 20 ಎಚ್‌ಪಿ ಇದ್ದರೆ ಸಾಕು, ಅದರ ಮೇಲೆ ಚೌಕಾಸಿ ಮಾಡಬೇಡಿ. ಕೇಳಬೇಕಾದ್ದು ಬೇರೆ: ಆಯಿಲ್ ಫಿಲ್ಟರ್ ಇದೆಯಾ? ಇದ್ದರೆ ಒಳಗೆ ಪಂಪು ಇದೆ, ಆಯಿಲ್ ಒತ್ತಡದಲ್ಲಿ ಎಲ್ಲ ಕಡೆ ಹೋಗುತ್ತದೆ ಅಂತ ಅರ್ಥ. ಫಿಲ್ಟರ್ ಇಲ್ಲದ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಆಯಿಲ್ ಚಿಮ್ಮಿಸಿಯೇ ಕೆಲಸ ನಡೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಪಂಪು ಇರುವುದೇ ವಾಸಿ.

ಇವು ಗಾಳಿಯಿಂದ ತಣ್ಣಗಾಗುವ ಎಂಜಿನ್ನುಗಳು. ರೇಡಿಯೇಟರ್ ಇಲ್ಲ. ಒಣಹುಲ್ಲಿನ ಪುಡಿ ಮೇಲಿನ ಜಾಲರಿಗೆ ಮೆತ್ತಿಕೊಂಡರೆ ಉಸಿರು ಕಟ್ಟಿ ಕಾದು ಹೋಗುತ್ತದೆ. ಆ ಜಾಲರಿ ಸ್ಕ್ರೂಡ್ರೈವರ್ ಇಲ್ಲದೆ ಕೈಗೆ ಸಿಗುತ್ತಾ ನೋಡಿ. ಏರ್ ಫಿಲ್ಟರ್ ಮುಚ್ಚಳವನ್ನೂ ಅಂಗಡಿಯಲ್ಲೇ ತೆಗೆಸಿ. ಕಾಗದದ ಫಿಲ್ಟರ್ ಮೇಲೆ ಸ್ಪಂಜಿನ ಇನ್ನೊಂದು ಪದರ ಇದ್ದರೆ ಒಳ್ಳೆಯದು. ಕೆಂಪು ಧೂಳಿನ ನೆಲದಲ್ಲಿ ಆ ಸ್ಪಂಜನ್ನು ಪ್ರತಿ ಸಲ ಕೊಡವುತ್ತೇನೆ, ಪ್ರತಿ ಸಲವೂ ಕುಂಕುಮದ ಹಾಗೆ ಉದುರುತ್ತದೆ.

ಪೆಟ್ರೋಲಿನ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಈ ಸಣ್ಣ ಎಂಜಿನ್‌ಗಳ ಪೈಕಿ ಬಹಳಷ್ಟರ ಕೈಪಿಡಿಯಲ್ಲಿ ಎಥೆನಾಲ್ 10 ದಾಟಬಾರದು ಅಂತಿರುತ್ತದೆ. ಎಥೆನಾಲ್ ಗಾಳಿಯ ನೀರಂಶ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಮೂರು ತಿಂಗಳು ಹಾಗೇ ಬಿಟ್ಟರೆ ಕಾರ್ಬುರೇಟರಿನ ಸೂಜಿರಂಧ್ರದಲ್ಲಿ ಅಂಟು ಕಟ್ಟುತ್ತದೆ. ಆದ್ದರಿಂದ '20ಕ್ಕೆ ಒಪ್ಪುತ್ತಾ, ಕೈಪಿಡಿಯಲ್ಲಿ ಎಲ್ಲಿದೆ ತೋರಿಸಿ' ಅಂತ ಕೇಳಿ. ಬಾಯಿ ಮಾತು ಬೇಡ. ಒಪ್ಪದ ಎಂಜಿನ್ನಿಗೆ ಏನು ಹಾಕಬೇಕು, ಕೆಟ್ಟರೆ ವಾರಂಟಿ ಇರುತ್ತಾ ಅನ್ನುವುದನ್ನು ಬರೆದು ಕೊಡಲಿ.

ಹೆಜ್ಜೆ 5: ಗಾಲಿ ತಿರುಗಿಸುವುದು ಯಾವುದು

ಗೇರಿನದು ಅಗ್ಗ, ಆದರೆ ಮರ ಸುತ್ತುವಾಗೆಲ್ಲ ನಿಂತು ಗೇರ್ ಬದಲಿಸಬೇಕು. ಹೈಡ್ರೋ, ಅಂದರೆ ಆಯಿಲ್ ಒತ್ತಡದಿಂದ ಗಾಲಿ ತಿರುಗಿಸುವುದು, ಆದರೆ ಪೆಡಲ್ ಒತ್ತಿದಷ್ಟು ಓಟ, ಬಿಟ್ಟರೆ ನಿಲ್ಲುತ್ತದೆ. ಮರ ಇರುವ ಜಾಗಕ್ಕೆ ಹೈಡ್ರೋ ತಗೊಳ್ಳಿ. ಅಗ್ಗದ ಮಾದರಿಗಳಲ್ಲಿ ಈ ಹೈಡ್ರೋ ಪೆಟ್ಟಿಗೆ ಪೂರಾ ಮುಚ್ಚಿರುತ್ತದೆ, ಆಯಿಲ್ ಬದಲಿಸಲು ದಾರಿಯೇ ಕೊಟ್ಟಿರುವುದಿಲ್ಲ. ಕಾದಾಗ ಏರಿನಲ್ಲಿ ಎಳೆತ ಬಿಟ್ಟುಬಿಡುತ್ತದೆ. 'ಹೈಡ್ರೋ ಆಯಿಲ್ ಬದಲಿಸಬಹುದಾ?' ಅನ್ನುವ ಒಂದೇ ಪ್ರಶ್ನೆ ಕೇಳಿದರೆ ಮಿಷನ್ನಿನ ದರ್ಜೆ ಗೊತ್ತಾಗುತ್ತದೆ.

ಟೈರು ಲಾನಿಗೆ ಮಾಡಿದ್ದು, ತೆಳ್ಳಗೆ ಇರುತ್ತದೆ. ಬಳ್ಳಾರಿ ಜಾಲಿ ಮುಳ್ಳಿಗೆ ಅದು ಯಾವ ಲೆಕ್ಕ? ಮೊದಲ ತಿಂಗಳಲ್ಲೇ ನಾಲ್ಕು ಪಂಕ್ಚರ್ ಆಯಿತು. ಕೊನೆಗೆ ಟ್ಯೂಬ್ ಹಾಕಿಸಿ, ಒಳಗೆ ಪಂಕ್ಚರ್ ದ್ರವ ಬಿಟ್ಟ ಮೇಲೆ ನೆಮ್ಮದಿ.

ಹೆಜ್ಜೆ 6: ಬಗ್ಗಿ ಡೆಕ್ ನೋಡಿ

ಇಲ್ಲಿ ಹೊತ್ತು ಕಳೆಯಿರಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ನೆಲಕ್ಕೆ ಪೇಪರ್ ಹಾಸಿ ಮಲಗಿ ನೋಡಿ. ಮಿಷನ್ ಸಾಯುವುದು ಎಂಜಿನ್ನಿನಿಂದಲ್ಲ, ಸಾಮಾನ್ಯವಾಗಿ ಇಲ್ಲಿಂದ.

ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಡೆಕ್ ಹಗುರ. ದಪ್ಪ ತಟ್ಟೆಗಳನ್ನು ಕತ್ತರಿಸಿ ವೆಲ್ಡ್ ಮಾಡಿದ್ದು ಭಾರ, ಬೆಲೆಯೂ ಜಾಸ್ತಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ಬಿ ಸದ್ದು ಬಂತಾ, ದಪ್ಪ ಕಬ್ಬಿಣದ ಸದ್ದು ಬಂತಾ ಅಂತ ಗೊತ್ತಾಗುತ್ತದೆ. ನಯವಾದ ಲಾನಿಗೆ ಮೊದಲನೆಯದು ಸಾಕು. ಕಲ್ಲಿನ ನೆಲಕ್ಕೆ ಎರಡನೆಯದೇ ಬೇಕು.

ಬ್ಲೇಡ್ ಕೂತಿರುವ ಕಂಬಕ್ಕೆ ಸ್ಪಿಂಡಲ್ ಅನ್ನುತ್ತಾರೆ. ಎಂಜಿನ್ ಬಂದ್ ಮಾಡಿಸಿ, ಚಾವಿ ನಿಮ್ಮ ಜೇಬಿಗೆ ಹಾಕಿಕೊಂಡು, ದಪ್ಪ ಗ್ಲೌಸ್ ಹಾಕಿ ಬ್ಲೇಡಿನ ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅನ್ನಬಾರದು. ಗ್ರೀಸ್ ನಿಪ್ಪಲ್ ಇದೆಯಾ ನೋಡಿ. ಆಮೇಲೆ ಒಳಗಿನ ಬೇರಿಂಗ್ ನಂಬರ್ ಕೇಳಿ. 6203, 6204, 6205 ಈ ಪೈಕಿ ಯಾವುದಾದರೂ ಆದರೆ ದಾವಣಗೆರೆಯ ಬೇರಿಂಗ್ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದೆ. ಬುಷ್ ಸವೆದರೆ ಲೇತಿನಲ್ಲಿ ತಿರುವಿಸಬಹುದು. ಆ ವಿಷಯಕ್ಕೆ ನಾವು ಪುಣ್ಯವಂತರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಿಷನ್ನುಗಳನ್ನೇ ತಯಾರಿಸಿದ ಊರು ಹರಿಹರ ಪಕ್ಕದಲ್ಲೇ ಇದೆ. ಸ್ಪಿಂಡಲ್ ಕಂಬವನ್ನೇ ಹೊಸದಾಗಿ ತಿರುವಿ ಕೊಡುವ ಕೈಗಳು ಇನ್ನೂ ಇವೆ.

ಬ್ಲೇಡ್ ಮಾತ್ರ ಲೋಕಲ್ ವೆಲ್ಡಿಂಗ್‌ಗೆ ಒಯ್ಯಬೇಡಿ. ಬಿರುಕಿಗೆ ಬೆಸುಗೆ ಹಾಕಿದ ಬ್ಲೇಡು ಆ ವೇಗದಲ್ಲಿ ತುಂಡಾದರೆ ಬಂದೂಕಿನ ಗುಂಡಿಗೆ ಸಮ. ಸಾಣೆ ಹಿಡಿಸಿದ ಮೇಲೆ ಗೋಡೆಗೆ ಒಂದು ಮೊಳೆ ಹೊಡೆದು, ನಡುವಿನ ತೂತಿಗೆ ಸಿಕ್ಕಿಸಿ ತೂಗು ಹಾಕಿ. ತಕ್ಕಡಿ ಹಾಗೆ ಸಮ ನಿಲ್ಲಬೇಕು. ಯಾವ ಕಡೆ ವಾಲುತ್ತೋ ಆ ಕಡೆ ಇನ್ನಷ್ಟು ಸಾಣೆ ಹಿಡಿಯಿರಿ. ಹೀಗೆ ನೋಡದೆ ಹಾಕಿದರೆ ಮಿಷನ್ ಗಡಗಡ ನಡುಗುತ್ತದೆ, ಬೇರಿಂಗ್ ಒಂದೇ ಸೀಸನ್ನಿಗೆ ಹೋಗುತ್ತದೆ.

ಹೆಜ್ಜೆ 7: ಬಿಡಿಭಾಗದ ಪರೀಕ್ಷೆ

ನಮ್ಮ ಮೆಕ್ಯಾನಿಕ್ ಭಾಯ್ ಒಂದು ಮಾತು ಹೇಳಿದ್ದರು: 'ಎಂಜಿನ್ ನಾನು ನೋಡ್ಕೊಂತೀನಿ ಸಾರ್. ಬೆಲ್ಟ್ ನೀವು ನೋಡ್ಕೊಳ್ರಿ.' ಅದನ್ನೇ ಪರೀಕ್ಷೆ ಮಾಡಿಕೊಂಡಿದ್ದೇನೆ. ಮಿಷನ್ನಿಗೆ ಮುಂಗಡ ಕೊಡುವ ಮುಂಚೆ ಐದು ಸಾಮಾನಿಗೆ ಬಿಲ್ ಹಾಕಲು ಹೇಳಿ: ಡೆಕ್ ಬೆಲ್ಟು, ಓಟದ (ಗಾಲಿ ತಿರುಗಿಸುವ) ಬೆಲ್ಟು, ಒಂದು ಸೆಟ್ ಬ್ಲೇಡು, ಏರ್ ಫಿಲ್ಟರ್, ಬ್ಲೇಡ್ ಹಾಕಿ ತೆಗೆಯುವ ಕೇಬಲ್ ಅಥವಾ ಕ್ಲಚ್. 'ಇವತ್ತೇ ಬೇಕು' ಅನ್ನಿ. ಐದೂ ಕೌಂಟರ್ ಮೇಲೆ ಬಂದರೆ ಆ ಅಂಗಡಿ ನಂಬಬಹುದು. ಮೂರು ಬಂದರೆ ಉಳಿದೆರಡನ್ನು ಎಷ್ಟು ದಿನಕ್ಕೆ ತರಿಸುತ್ತಾರೆ ನೋಡಿ, ತರಿಸಿದ ಮೇಲೆ ಮಿಷನ್ ತಗೊಳ್ಳಿ. ಕ್ಯಾಟಲಾಗ್ ತೋರಿಸಿ 'ಎಲ್ಲಾ ಸಿಗುತ್ತೆ ಸಾರ್' ಅಂದರೆ ಎದ್ದು ಬನ್ನಿ.

ಸರ್ವಿಸ್‌ನವರು ಎಲ್ಲಿಂದ ಬರಬೇಕು ಅನ್ನುವುದನ್ನೂ ಕೇಳಿ. ಬೆಂಗಳೂರಿನಿಂದ ಅಂದರೆ 260 ಕಿಲೋಮೀಟರ್. ಬರುವ ಖರ್ಚು ವಾರಂಟಿಯಲ್ಲಿ ಸೇರಿದೆಯಾ? ಮತ್ತೆ, ಶಾಲೆ, ಮಂಟಪ, ರೆಸಾರ್ಟಿನವರು ವಾರಂಟಿ ಕಾಗದವನ್ನು ಕಣ್ಣಿಟ್ಟು ಓದಬೇಕು. ಮನೆ ಬಳಕೆಗೆ ಎರಡು ಮೂರು ವರ್ಷ ಕೊಡುವ ಕಂಪನಿಗಳು ವ್ಯಾಪಾರದ ಬಳಕೆಗೆ ಅದನ್ನು ತಿಂಗಳುಗಳಿಗೆ ಇಳಿಸಿರುತ್ತವೆ. ಶಾಲೆ ಮೈದಾನ ಮನೆ ಬಳಕೆ ಅಲ್ಲ.

ಹೆಜ್ಜೆ 8: ಡೆಮೊ ನಿಮ್ಮ ನೆಲದಲ್ಲೇ ಆಗಲಿ

ಷೋರೂಮಿನ ಮುಂದಿನ ಡಾಂಬರಿನಲ್ಲಿ ಎಲ್ಲ ಮಿಷನ್ನೂ ಚೆನ್ನಾಗೇ ಓಡುತ್ತದೆ. ನಿಮ್ಮ ಜಾಗಕ್ಕೆ ತರಿಸಿ, ಅತೀ ದಟ್ಟ ಹುಲ್ಲಿನಲ್ಲಿ, ಕಮ್ಮಿ ಅಂದರೂ ಒಂದು ಗಂಟೆ ಓಡಿಸಿ. ಕಾದ ಮೇಲೆ ಏರಿನಲ್ಲಿ ಎಳೆಯುತ್ತಾ ನೋಡಿ. ಬಂದ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ, ಬಿಸಿ ಎಂಜಿನ್ ಹಟ ಮಾಡುವುದು ಆಗಲೇ ಕಾಣುವುದು.

ಬ್ಲೇಡ್ ಓಡುತ್ತಿರುವಾಗ ಸೀಟಿನಿಂದ ಸ್ವಲ್ಪ ಮೇಲೆದ್ದರೆ ಎಂಜಿನ್ ತಾನಾಗಿ ನಿಲ್ಲಬೇಕು. ಸೀಟಿನ ಕೆಳಗೆ ಅದಕ್ಕೇ ಒಂದು ಸ್ವಿಚ್ ಇರುತ್ತದೆ. ಕೆಲವರು ಅದು ಕಿರಿಕಿರಿ ಅಂತ ವೈರ್ ಜೋಡಿಸಿ ಬಿಡುತ್ತಾರೆ. ಸೆಕೆಂಡ್ ಹ್ಯಾಂಡ್ ಮಿಷನ್‌ನಲ್ಲಿ ಇದನ್ನು ಮೊದಲು ಪರೀಕ್ಷಿಸಿ. ಜೊತೆಗೆ ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿಸಿ ನೀಲಿ ಹೊಗೆ ಬರುತ್ತಾ ನೋಡಿ. ಬಂದರೆ ಆಯಿಲ್ ಸುಡುತ್ತಿದೆ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಗಂಟೆ ಮೀಟರ್ ಕಿತ್ತಿದ್ದರೆ ಬೆಲೆ ಮಾತಾಡುವುದೇ ಬೇಡ.

ಇನ್ನು ಓಡಿಸುವವರಿಗೆ: ಪಂಚೆ, ಲುಂಗಿ ಉಟ್ಟು ಹತ್ತಬೇಡಿ. ಲಾನ್ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಓಡಿಸಿ, ಅಡ್ಡಕ್ಕಲ್ಲ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ರೌಂಡು ಹಾಕುವ ಆಸೆ ಎಲ್ಲ ಅಜ್ಜಂದಿರಿಗೂ ಬರುತ್ತದೆ. ಬ್ಲೇಡ್ ಬಂದ್ ಇದ್ದರೂ ಬೇಡ. ಒಂದು ಸಲ ಕೂತ ಮಗು ಮುಂದಿನ ಸಲ ಸದ್ದು ಕೇಳಿದ ಕೂಡಲೇ ಮಿಷನ್ ಕಡೆಗೇ ಓಡಿ ಬರುತ್ತದೆ, ನೀವು ಹಿಂದಕ್ಕೆ ತಗೊಳ್ಳುತ್ತಿರುವಾಗಲೂ.

ಹೆಜ್ಜೆ 9: ಮೊದಲ ಸೀಸನ್

ಹೊಸ ಎಂಜಿನ್ನಿನ ಮೊದಲ ಆಯಿಲನ್ನು ಕೈಪಿಡಿ ಹೇಳಿದ ಹೊತ್ತಿಗೇ ಬದಲಿಸಿ. ಕೆಲವಕ್ಕೆ ಅದು ಬರೀ 5 ಗಂಟೆ. ಆಮೇಲೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ. ಹುಲ್ಲಿನ ಎತ್ತರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಒಂದೇ ಸಲಕ್ಕೆ ಕೊಯ್ಯಬೇಡಿ, ಮಳೆಗೆ ಮೇಲೆದ್ದಿದ್ದರೆ ಎರಡು ಸಲ ಹೋಗಿ. ಒದ್ದೆ ಹುಲ್ಲು ಡೆಕ್ಕಿನ ಒಳಗೆ ಸಗಣಿ ಹಾಗೆ ಮೆತ್ತಿಕೊಳ್ಳುತ್ತದೆ. ಅವತ್ತೇ ಕೆರೆದು ತೆಗೆಯದಿದ್ದರೆ ತಗಡು ತುಕ್ಕು ಹಿಡಿಯುತ್ತದೆ.

ದೀಪಾವಳಿ ಹೊತ್ತಿಗೆ ಹುಲ್ಲು ನಿಂತ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಬ್ಯಾಟರಿ ತಂತಿ ಬಿಚ್ಚಿ ಶೆಡ್ಡಿಗೆ ಸೇರಿಸಿ. ಬೆಲ್ಟ್ ನಂಬರನ್ನು ನಾನು ಶೆಡ್ಡಿನ ಗೋಡೆಗೆ ಪೇಂಟಿನಲ್ಲಿ ಬರೆಸಿದ್ದೇನೆ, ಎರಡು ಬೆಲ್ಟು ಅದರ ಕೆಳಗೇ ನೇತಾಡುತ್ತವೆ. ಇಲಿಗೆ ಮಾತ್ರ ಏನೂ ವ್ಯವಸ್ಥೆ ಮಾಡಿರಲಿಲ್ಲ. ಈ ವರ್ಷ ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಪಕ್ಕದಲ್ಲೊಂದು ಬೆಚ್ಚನೆ ಗೂಡು, ಅದರೊಳಗೆ ನನ್ನ ಸೀಟಿನ ಸ್ಪಂಜು. ಸದ್ಯಕ್ಕೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದೇನೆ. ಸೀಟಿಗೆ ಆರ್ಡರ್ ಕೊಟ್ಟು ಮೂರು ವಾರ ಆಯಿತು.